ಪಟ್ಟಿಯಲ್ಲಿಲ್ಲದ ಪೆಟ್ಟು

12 ಜೂನ್ 2023, ಸೋಮವಾರ

ಕಂಟ್ರಾಕ್ಟರ್ ಕಡೆಯವನು ಮತ್ತೆ ಬಂದಿದ್ದ, ಈ ಸಲ ಛಾಪಾ ಕಾಗದ ಹಿಡಿದು. ಒಂದೂವರೆ ಲಕ್ಷ ಕೊಡ್ತಾರಂತೆ. ಇನ್ನೇನೂ ಕೇಳುವುದಿಲ್ಲ ಎಂದು ಅಣ್ಣ ಸಹಿ ಹಾಕಿದರೆ ಸಾಕಂತೆ. ಅಣ್ಣ ಪೆನ್ನು ತೆಗೆದುಕೊಂಡೇಬಿಟ್ಟಿದ್ದ. ಕೆಲಸದಲ್ಲಿ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಯಾರು ಏನು ಚಾಚಿದರೂ ಸಹಿ ಹಾಕುತ್ತಾನೆ. ಅತ್ತಿಗೆ ಕಾಗದ ಕಿತ್ತುಕೊಂಡರು. ಲಾಯರಿಗೆ ಫೋನ್ ಮಾಡಿದೆ. ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡುವ ಇಂಥ ಕರಾರು ನಿಲ್ಲುವುದಿಲ್ಲವಂತೆ. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮದು ಆಗಲೇ ಹಾಕಿ ಆಗಿದೆ, ಸದ್ಯ.

27 ಜೂನ್, ಮಂಗಳವಾರ

ಆಸ್ಪತ್ರೆಯಲ್ಲಿ ಇಡೀ ದಿನ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು ಮನಶ್ಶಾಸ್ತ್ರಜ್ಞೆ. ಅಣ್ಣ ತೊಂಬತ್ತಮೂರು ಎಂದ. ಸ್ವಲ್ಪ ತಡೆದು ಮತ್ತೆ ತೊಂಬತ್ತಮೂರು ಎಂದ. "ಎಷ್ಟು ಕಳೀಬೇಕು ಅಂದ್ರಿ ಮೇಡಂ?" ಮೂರನೇ ಸಲಕ್ಕೆ ಕುರ್ಚಿ ತಳ್ಳಿ ಎದ್ದು, ನಾನೇನು ಸ್ಕೂಲ್ ಹುಡುಗನಾ ಎಂದು ರೇಗಿದ. ಸೆಂಟ್ರಿಂಗ್ ಕೆಲಸದಲ್ಲಿ ಒಂದು ಮೋಲ್ಡಿಗೆ ಎಷ್ಟು ಶೀಟು, ಎಷ್ಟು ಜಾಕಿ ಬೇಕೆಂದು ನಿಂತಲ್ಲೇ ಹೇಳುತ್ತಿದ್ದವನು ಇವನೇ.

ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದವರು ಚೆನ್ನಾಗಿ ನಡೆಯುತ್ತಾರೆ, ಮಾತಾಡುತ್ತಾರೆ. ಗಮನ, ಲೆಕ್ಕ, ಸಿಟ್ಟಿನ ಮೇಲಿನ ಹಿಡಿತ ಹೋಗಿರಬಹುದು ಎಂದರು ಆಕೆ. ಮೂರ್ಛೆ ಮಾತ್ರೆ ನಿಲ್ಲಿಸುವಂತಿಲ್ಲ.

14 ಜುಲೈ, ಶುಕ್ರವಾರ

ರಾತ್ರಿ ಕಾಯ್ದೆಯ ಪುಸ್ತಕ ಹರಡಿಕೊಂಡು ಕೂತಿದ್ದೆ. 1923ರದ್ದು. ಮೊದಲನೆಯ ಅನುಸೂಚಿಯಲ್ಲಿ ಮೈಯ ತುಂಡುಗಳಿಗೆಲ್ಲ ದರ ಕಟ್ಟಿಟ್ಟಿದ್ದಾರೆ: ಹೆಬ್ಬೆರಳು ಹೋದರೆ ಶೇಕಡಾ 30, ತೋರುಬೆರಳು 14, ಒಂದು ಕಣ್ಣು 40. ಮಿದುಳಿಗೆ ಒಂದು ಸಾಲೂ ಇಲ್ಲ! ಪಟ್ಟಿಯಲ್ಲಿಲ್ಲದ ಪೆಟ್ಟಿಗೆ, ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ವೈದ್ಯರು ಹೇಳಬೇಕು. ಅವರು 40 ಎಂದು ಬರೆದಿದ್ದಾರೆ.

ಲೆಕ್ಕ ಹಾಕಿದೆ. ದಿನಕ್ಕೆ 900 ದುಡಿಯುತ್ತಿದ್ದರೂ ತಿಂಗಳಿಗೆ 15,000ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 2020ರ ಜನವರಿಗೆ ಮುಂಚೆ ಆ ಮಿತಿ 8,000 ಇತ್ತು. 15,000ದ ಶೇಕಡಾ 60 ಅಂದರೆ 9,000. ಅಣ್ಣನ 35ರ ವಯಸ್ಸಿಗೆ ಗುಣಿಸಬೇಕಾದ ಅಂಶ 197.06. ಪೂರ್ತಿ ಅಶಕ್ತ ಎಂದಾದರೆ 17,73,540. ಶೇಕಡಾ 40 ಎಂದಾದರೆ 7,09,416. ಮೂರ್ಛೆ ಬರುವವನನ್ನು ಸಾರುವೆ ಹತ್ತಿಸುವ ಮೇಸ್ತ್ರಿ ಎಲ್ಲಿದ್ದಾನೆ? ಆ ಬಾಕಿ 60 ಭಾಗ ಅವನು ದುಡಿಯುವುದಾದರೂ ಎಲ್ಲಿ?

8 ಆಗಸ್ಟ್, ಮಂಗಳವಾರ

ನಮ್ಮ ಅರ್ಜಿಯ ವಿಚಾರಣೆಯಲ್ಲಿ ವೈದ್ಯರ ಪಾಟಿಸವಾಲು. ಕಂಟ್ರಾಕ್ಟರ್ ಕಡೆಯ ವಿಮಾ ಕಂಪನಿಯ ವಕೀಲರು ಕೇಳಿದ್ದು ಇಷ್ಟೇ: ಕೈಕಾಲು ಸರಿಯಿದೆ ತಾನೆ? ತಾನೇ ಊಟ ಮಾಡ್ತಾನೆ ತಾನೆ? ಎರಡಕ್ಕೂ ಹೌದೆಂದರು ವೈದ್ಯರು. ಅಣ್ಣ ಹಿಂದಿನ ಬೆಂಚಿನಲ್ಲಿ ನಗುನಗುತ್ತ ಕೂತಿದ್ದ, ಅವರ ವಾದಕ್ಕೆ ಸಾಕ್ಷಿಯಾಗಿ. ಹೆಲ್ಮೆಟ್ ಹಾಕಿರಲಿಲ್ಲ ಎಂಬ ಮಾತನ್ನೂ ತೆಗೆದರು. ಶಾಶ್ವತ ಪೂರ್ಣ ಅಶಕ್ತತೆಯಾದರೆ ಆ ನೆಪ ನಡೆಯುವುದಿಲ್ಲ. ಹಾಗಾಗಿ ಎಲ್ಲವೂ ಆ ಶೇಕಡಾವಾರಿನ ಮೇಲೆಯೇ ನಿಂತಿದೆ.

ನಮ್ಮ ಲಾಯರು 1975ರ ಪ್ರತಾಪ್ ನಾರಾಯಣ್ ಸಿಂಗ್ ದೇವ್ ತೀರ್ಪು ತೋರಿಸಿದರು. ಒಡಿಶಾದ ಚಿತ್ರಮಂದಿರವೊಂದರ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯ ಪ್ರಕರಣ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂಬುದನ್ನು ಸುಪ್ರೀಂ ಕೋರ್ಟ್ ಒಪ್ಪಿತ್ತು. ಅಣ್ಣನ ಕೆಲಸದಲ್ಲಿ ತಲೆ ಎಷ್ಟು ಓಡಿಸಬೇಕಿತ್ತು ಎಂದು ಹೇಳಲು ಯಾರಾದರೂ ಬೇಕು ಎಂದರು.

ಹಳೇ ಮೇಸ್ತ್ರಿ ಬರುತ್ತಾರಂತೆ. ಆ ದಿನದ ಕೂಲಿ, ಬಸ್ ಚಾರ್ಜು ಕೊಡಬೇಕು. ಅತ್ತಿಗೆ ಚೀಟಿ ದುಡ್ಡಿನಿಂದ ಎತ್ತಿಟ್ಟಿದ್ದಾರೆ.