ನೆಂಟಸ್ತನದ ಅಕ್ಷರಗಳು

ಜಪಾನಿನ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ 1,026 ಚೀನೀ ಅಕ್ಷರಗಳನ್ನು ಕಲಿಯುತ್ತಾರೆ. ಅವಕ್ಕೆ ಅಲ್ಲಿ ಕಾಂಜಿ ಎಂದು ಹೆಸರು. ನಿತ್ಯದ ಬಳಕೆಗೆಂದು ಸರಕಾರ 2010ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿರುವುದು 2,136. ಇಷ್ಟು ಬಲ್ಲವರಿಗೆ ಚೀನೀ ಭಾಷೆ ಕಲಿಸುವುದು ಬಹಳ ಸುಲಭವೆಂದು ಯಾರಿಗಾದರೂ ಅನ್ನಿಸೀತು. ಪೇಚು ಇರುವುದೇ ಅಲ್ಲಿ.

'ಕೈ' ಮತ್ತು 'ಕಾಗದ' ಎಂಬ ಎರಡು ಅಕ್ಷರ ಕೂಡಿದರೆ ಜಪಾನಿಯಲ್ಲಿ ತೆಗಾಮಿ, ಅಂದರೆ ಪತ್ರ. ಅದೇ ಜೋಡಿ ಚೀನಿಯಲ್ಲಿ ಶೌಚಾಲಯದ ಕಾಗದ! ಜಪಾನಿಯಲ್ಲಿ ಮಗಳಾದ ಅಕ್ಷರ ಚೀನಿಯಲ್ಲಿ ತಾಯಿ. ಜಪಾನಿಯ 'ಬೆಂಕ್ಯೋ' ಎಂದರೆ ಓದು, ಅಭ್ಯಾಸ. ಅದೇ ಅಕ್ಷರಗಳಿಗೆ ಚೀನಿಯಲ್ಲಿ 'ಒಲ್ಲದ ಮನಸ್ಸಿನಿಂದ' ಎಂಬರ್ಥ. ಶಾಲೆಗೆ ಹೋಗುವ ಹುಡುಗರು ಎರಡೂ ಒಂದೇ ಎಂದಾರು.

ಅಕ್ಷರವೇ ಹೊಸದಾದವನು ಪ್ರತಿಯೊಂದರ ಮುಂದೆ ನಿಂತು ಕೇಳುತ್ತಾನೆ. ಜಪಾನಿ ವಿದ್ಯಾರ್ಥಿಗೆ ನೋಡಿದೊಡನೆ ಅರ್ಥ ಹೊಳೆಯುತ್ತದೆ, ಕಣ್ಣು ಮುಂದೆ ಓಡುತ್ತದೆ, ಕಿವಿ ಮತ್ತು ನಾಲಗೆ ಹಿಂದೆ ಉಳಿಯುತ್ತವೆ. ಚೀನಿಯ ನಾಲ್ಕು ಸ್ವರಭೇದಗಳು ಜಪಾನಿಯಲ್ಲಿಲ್ಲ. ಆದ್ದರಿಂದ ಮೇಷ್ಟ್ರು ಪುಸ್ತಕ ಮುಚ್ಚಿಸಿ ಕೇಳಿಸಬೇಕಾಗುತ್ತದೆ.

ಉರ್ದು ಓದಿದ ನನಗೆ ಇದು ದೂರದ ಕಥೆಯಲ್ಲ. ಅರಬ್ಬೀ ಲಿಪಿ ಫಾರಸಿಯ ದಾರಿಯಿಂದ ನಮಗೆ ಬಂತು. ಉರ್ದುವಿನಲ್ಲಿ ಗರೀಬ್ ಎಂದರೆ ಬಡವ, ಅರಬ್ಬಿಯಲ್ಲಿ ಪರದೇಶಿ. ಅರಬ್ಬಿಯಲ್ಲಿ ತಕ್ರಾರ್ ಎಂದರೆ ಮತ್ತೆ ಮತ್ತೆ ಹೇಳುವುದು. ಅದು ಉರ್ದುವಿಗೆ ಬಂದು ಜಗಳವಾಯಿತು, ಕನ್ನಡದ ಕಚೇರಿ ಹೊಕ್ಕು ತಕರಾರು ಅರ್ಜಿಯಾಯಿತು. ಅರಬ್ಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳನ್ನು ಉರ್ದು ನಾಲಗೆ ಒಂದೇ 'ಜ಼' ಎನ್ನುತ್ತದೆ. ಕುರ್‌ಆನ್ ಪಾಠದಲ್ಲಿ ತಜ್‌ವೀದ್ ಕಲಿಸುವ ಉಸ್ತಾದರು ಆ ನಾಲ್ಕನ್ನೂ ಬಿಡಿಸಿ ಹೇಳಿಸುತ್ತಾರೆ. ಅಕ್ಷರ ಬಲ್ಲ ಮಗುವೇ ಅಲ್ಲಿ ಹೆಚ್ಚು ತಡವರಿಸುವುದುಂಟು.

ಪಾಠಕ್ಕೆ ಆ ಶಿಸ್ತು ಬೇಕು. ಆದರೆ ಈಗ ಕೆಲವರು ಮನೆಯ ಮಾತನ್ನೂ ತಿದ್ದುತ್ತಾರೆ: 'ರಮ್ಜಾನ್' ತಪ್ಪು, 'ರಮದಾನ್' ಎನ್ನಬೇಕಂತೆ. ನಮ್ಮ ದಾದಿ ಜೀವಮಾನವಿಡೀ ರಮ್ಜಾನ್ ಎಂದೇ ರೋಜಾ ಹಿಡಿದವರು. ಅವರ ಉಪವಾಸಕ್ಕೇನು ಕೊರತೆಯಾಯಿತು? ಚೀನಿಯಲ್ಲಿ ಬೇರೆ ಅರ್ಥವಿದೆಯೆಂದು ಜಪಾನಿಯರು ತಮ್ಮ ಪತ್ರದ ಹೆಸರು ಬದಲಿಸಿಲ್ಲ. ಒಳ್ಳೆಯ ಮೇಷ್ಟ್ರು ಚೀನೀ ಅರ್ಥವನ್ನು ಕಲಿಸುತ್ತಾರೆ, ಜಪಾನಿ ಅರ್ಥವನ್ನು ಸುಳ್ಳೆನ್ನುವುದಿಲ್ಲ. ಎರವಲು ತಂದ ಪದಕ್ಕೆ ಒಂದು ಜನ ನೂರಾರು ವರ್ಷ ಬದುಕಿ ಅರ್ಥ ಕೊಟ್ಟಿರುತ್ತದೆ. ಮೂಲವನ್ನು ಕಲಿಯೋಣ, ಅದಕ್ಕಾಗಿ ತಾಯಂದಿರ ನಾಲಗೆಯನ್ನು ತಪ್ಪಿತಸ್ಥನನ್ನಾಗಿ ಮಾಡಬೇಕಿಲ್ಲ.