ಬಾತುಗಳು ಮುಗಿಬಿದ್ದ ದಿನ

1940ರ ನವೆಂಬರ್ 11, ಸೋಮವಾರ. ಮೊದಲ ಮಹಾಯುದ್ಧ ನಿಂತ ನೆನಪಿನ ರಜೆ. ಅಮೆರಿಕದ ಮಿನ್ನೆಸೋಟ ರಾಜ್ಯದ ವಿನೋನಾ ಊರಿನ ಹತ್ತಿರ, ಮಿಸ್ಸಿಸ್ಸಿಪ್ಪಿಯ ಹಿನ್ನೀರಿನ ನಡುವಿರುವ ಒಂದು ತಗ್ಗು ನಡುಗಡ್ಡೆಯ ವಿಲ್ಲೋ ಪೊದೆಯಲ್ಲಿ ನೀವು ಅಡಗಿ ಕೂತಿದ್ದೀರಿ. ಪಕ್ಕದಲ್ಲಿ ಗೆಳೆಯ, ಅವನ ನಾಯಿ, ಎರಡು ಬಂದೂಕು. ಎದುರಿನ ನೀರಿನಲ್ಲಿ ಮರದ ಬಾತುಗೊಂಬೆಗಳು ತೇಲುತ್ತಿವೆ. ನವೆಂಬರ್ ಅನ್ನಿಸುವುದೇ ಇಲ್ಲ. 15 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ದಪ್ಪ ಕೋಟು ಮನೆಯಲ್ಲೇ ಇದೆ. ಮೈಮೇಲಿರುವುದು ತೆಳುವಾದ ಕ್ಯಾನ್ವಾಸ್ ಜಾಕೆಟ್ಟು.

ಹೊತ್ತು ಏರುತ್ತಿದ್ದಂತೆ ಬಾತುಗಳು ಬರತೊಡಗುತ್ತವೆ. ಮೊದಲು ಹತ್ತಿಪ್ಪತ್ತು, ಆಮೇಲೆ ನೂರು, ಆಮೇಲೆ ಎಣಿಸುವ ಮಾತೇ ಇಲ್ಲ. ಮಲ್ಲಾರ್ಡ್, ಬ್ಲೂಬಿಲ್, ಗುಂಪಿನ ಮೇಲೆ ಗುಂಪು, ತಲೆಗೆ ತಾಗುವಷ್ಟು ಕೆಳಗೆ. ಬಂದೂಕಿನ ಸದ್ದಿಗೂ ಅವು ಬೆದರುತ್ತಿಲ್ಲ. ಯಾವುದರಿಂದಲೋ ತಪ್ಪಿಸಿಕೊಂಡು ಓಡಿಬಂದಂತೆ ನೀರಿಗೆ ಬೀಳುತ್ತಿವೆ. ಯಾವುದರಿಂದ ಎಂದು ಕೇಳಿಕೊಳ್ಳುವ ವ್ಯವಧಾನ ಇಬ್ಬರಿಗೂ ಇಲ್ಲ. ಇಂಥ ಬೇಟೆ ಜನ್ಮಕ್ಕೊಮ್ಮೆ. ಈಗ ಎದ್ದು ಮನೆಗೆ ಹೋಗುವವರು ಯಾರು?

ಹವಾಮಾನ ಮುನ್ಸೂಚನೆಯನ್ನು ದೂರಿ ಪ್ರಯೋಜನವಿಲ್ಲ, ಆದರೂ ಸ್ವಲ್ಪ ದೂರಲೇಬೇಕು. ಚಳಿ ಹೆಚ್ಚುತ್ತದೆ, ತುಸು ಹಿಮ ಉದುರಬಹುದು ಎಂದಷ್ಟೇ ಅದು ಹೇಳಿತ್ತು. ಈ ಸೀಮೆಯ ಹವೆಯನ್ನು ನೋಡಿಕೊಳ್ಳುತ್ತಿದ್ದುದು ದೂರದ ಷಿಕಾಗೋ ಕಚೇರಿ. ಅಲ್ಲಿ ರಾತ್ರಿ ಪಾಳಿಯೇ ಇರಲಿಲ್ಲ. ಮೆಕ್ಸಿಕೋ ಕೊಲ್ಲಿಯ ತೇವದ ಬಿಸಿಗಾಳಿಗೂ ಉತ್ತರ ಧ್ರುವದ ಕಡೆಯ ಚಳಿಗಾಳಿಗೂ ನಡುವೆ ವಾಯುಭಾರ ಕುಸಿತವೊಂದು ಬಲಿಯುತ್ತಾ ನಿಮ್ಮತ್ತಲೇ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಳೆ. ಜಾಕೆಟ್ಟು ತೊಯ್ದು ಮೈಗಂಟುತ್ತದೆ. ಗಾಳಿ ಒಮ್ಮೆಲೇ ವಾಯವ್ಯಕ್ಕೆ ತಿರುಗಿ ಬೊಬ್ಬಿಡುತ್ತದೆ. ಮಳೆ ರವೆಯಂಥ ಹಿಮದ ಹರಳಾಗಿ ಮುಖಕ್ಕೆ ಬಡಿಯುತ್ತದೆ; ನೋಡನೋಡುತ್ತಿದ್ದಂತೆ ಆಚೆ ದಡ ಕಾಣದಾಗುತ್ತದೆ. ಗೆಳೆಯ ದೋಣಿಯನ್ನು ನೀರಿಗೆ ತಳ್ಳುತ್ತಾನೆ. ತಳ ಚಪ್ಪಟೆಯಾದ, ಅಂಚು ತಗ್ಗಾದ ಬೇಟೆದೋಣಿ ಅದು. 1930ರ ದಶಕದಲ್ಲಿ ಅಣೆಕಟ್ಟುಗಳನ್ನು ಕಟ್ಟಿದ ಮೇಲೆ ಇಲ್ಲಿ ನದಿ ಕೆರೆಯ ಹಾಗೆ ಹರಡಿಕೊಂಡಿದೆ, ಗಾಳಿಗೆ ಅಡ್ಡವೇ ಇಲ್ಲ. ಎರಡೇ ಅಲೆಗೆ ದೋಣಿ ತುಂಬುತ್ತದೆ. ಸೊಂಟದವರೆಗೆ ನೆನೆದು ಇಬ್ಬರೂ ವಾಪಸ್ ದಡ ಹತ್ತುತ್ತೀರಿ.

ಇನ್ನು ಇಡೀ ರಾತ್ರಿ ಇಲ್ಲೇ.

ದೋಣಿಯನ್ನು ಗಾಳಿಗೆ ಅಡ್ಡಲಾಗಿ ಮಗುಚಿ ಅದರ ಮರೆಗೆ ಸೇರುತ್ತೀರಿ. ಪ್ಯಾಂಟು ಹೆಪ್ಪುಗಟ್ಟಿ ಸೆಟೆದಿದೆ, ಮಂಡಿ ಮಡಿಸಿದರೆ ಬಟ್ಟೆ ಕಟಕಟ ಅನ್ನುತ್ತದೆ. ಬೆಂಕಿಕಡ್ಡಿಗಳು ಒದ್ದೆ. ಒಂದೇ ಒಂದು ಹೊತ್ತಿಕೊಂಡಾಗ, ಗೆಳೆಯ ಚಳಿಗಾಲವೆಲ್ಲ ಕೂತು ಕೆತ್ತಿ ಬಣ್ಣ ಬಳಿದಿದ್ದ ಬಾತುಗೊಂಬೆಗಳು ಒಂದೊಂದಾಗಿ ಉರಿಗೆ ಬೀಳುತ್ತವೆ. ಅವು ಮುಗಿದ ಮೇಲೆ ನಾಯಿಯನ್ನು ನಡುವೆ ತಬ್ಬಿಕೊಳ್ಳುವುದು, ಎದ್ದು ಕುಣಿಯುವುದು, ಒಬ್ಬರನ್ನೊಬ್ಬರು ಗುದ್ದುವುದು. ಗೆಳೆಯ ತೂಕಡಿಸಿದಾಗ ಕೆನ್ನೆಗೆ ಬಾರಿಸುತ್ತೀರಿ. ಅವನು ಬೈಯುತ್ತಾನೆ. ಬೈಗುಳ ಕೇಳಿದರೆ ಸಮಾಧಾನ. ಕತ್ತಲಲ್ಲಿ ಎಲ್ಲಿಂದಲೋ ಮೂರು ಗುಂಡಿನ ಸದ್ದು, ಸಹಾಯ ಬೇಡುವ ಸಂಕೇತ. ಹೋಗುವ ದಾರಿ ಯಾರಿಗೂ ಇಲ್ಲ.

ಬೆಳಗಾಗುವಾಗ ಉಷ್ಣತೆ ಸೊನ್ನೆಯಿಂದ ಹತ್ತು ಹನ್ನೆರಡು ಡಿಗ್ರಿ ಕೆಳಗೆ. ಗಾಳಿ ಇನ್ನೂ ಜೋರಾಗಿಯೇ ಇದೆ. ಆ ಗಾಳಿಯಲ್ಲೇ ತೂರಾಡುತ್ತಾ ಒಂದು ಪುಟ್ಟ ಪೈಪರ್ ಕಬ್ ವಿಮಾನ ಬರುತ್ತದೆ. ಒಳಗಿರುವುದು ವಿನೋನಾದ ಪೈಲಟ್ ಮ್ಯಾಕ್ಸ್ ಕಾನ್ರಾಡ್. ಇಂಥ ಹವೆಯಲ್ಲಿ ಅದನ್ನು ಹಾರಿಸಲು ಧೈರ್ಯದ ಜೊತೆ ತುಸು ಹುಚ್ಚೂ ಬೇಕು. ನಡುಗಡ್ಡೆಯಿಂದ ನಡುಗಡ್ಡೆಗೆ ಸುತ್ತಿ ಬದುಕಿದವರನ್ನು ಹುಡುಕಿ, ಎಂಜಿನ್ ಸದ್ದು ತಗ್ಗಿಸಿ ಕೂಗಿ ಹೇಳಿ, ಡಬ್ಬಿಗಳನ್ನು ಕೆಳಗೆಸೆಯುತ್ತಾನೆ. ದೋಣಿಯಲ್ಲಿ ಬರುವವರಿಗೆ ಮೇಲಿಂದಲೇ ದಾರಿ ತೋರಿಸುತ್ತಾನೆ. ನಿಮ್ಮ ಬೆರಳು ಬಗ್ಗುತ್ತಿಲ್ಲ. ಗೆಳೆಯ ಹಲ್ಲಿನಿಂದ ಮುಚ್ಚಳ ಕಿತ್ತಾಗ ಸ್ಯಾಂಡ್‌ವಿಚ್, ಸಿಗರೇಟು, ಬೆಂಕಿಕಡ್ಡಿ, ವಿಸ್ಕಿ ಕಾಣುತ್ತವೆ. ನಾಯಿಗೂ ಒಂದು ತುಂಡು ಸ್ಯಾಂಡ್‌ವಿಚ್.

ಆದರೆ ಎಲ್ಲ ನಡುಗಡ್ಡೆಗಳಲ್ಲೂ ಕೈ ಬೀಸುವವರು ಉಳಿದಿರಲಿಲ್ಲ. ಮಿನ್ನೆಸೋಟ ಒಂದರಲ್ಲೇ ಸತ್ತವರು 49, ಅದರಲ್ಲಿ ಸುಮಾರು ಅರ್ಧ ಬಾತುಬೇಟೆಗೆ ಹೋದವರು. ಮಿಷಿಗನ್ ಸರೋವರದಲ್ಲಿ ವಿಲಿಯಂ ಬಿ. ಡೇವಕ್, ಆನಾ ಸಿ. ಮಿಂಚ್ ಎಂಬ ಸರಕು ಹಡಗುಗಳು ಒಬ್ಬರೂ ಉಳಿಯದಂತೆ ಮುಳುಗಿದವು. ಒಟ್ಟು ಸಾವು ನೂರೈವತ್ತರ ಆಸುಪಾಸು. ಆಮೇಲೆ ಷಿಕಾಗೋ ಕಚೇರಿ ದಿನದ 24 ಗಂಟೆಯೂ ಎಚ್ಚರವಿರುವಂತಾಯಿತು.

ಬೆಚ್ಚನೆಯ ಶರತ್ಕಾಲವನ್ನು ನಂಬಿ ಕೆಟ್ಟವರಲ್ಲಿ ಅಯೋವಾದ ಸೇಬಿನ ಮರಗಳೂ ಇದ್ದವು. ಚಳಿಗಾಲದ ನಿದ್ದೆಗೆ ಇನ್ನೂ ಸಿದ್ಧವಾಗದ ಅವುಗಳನ್ನು ಆ ರಾತ್ರಿ ಕೊಂದಿತು. ಅಮೆರಿಕದ ದೊಡ್ಡ ಸೇಬುಸೀಮೆಗಳಲ್ಲಿ ಒಂದಾಗಿದ್ದ ಆ ನಾಡಿನ ಎಷ್ಟೋ ರೈತರು ಮತ್ತೆ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ಗೋಜಿಗೆ ಹೋಗದೆ, ಬೊಡ್ಡೆಗಳನ್ನು ಕಿತ್ತು ಮೆಕ್ಕೆಜೋಳ, ಸೋಯಾ ಬಿತ್ತಿದರು.