ಡ್ರಾ ಮಾಡಿದ್ದು ನೀರೋ, ಕನ್‌ಕ್ಲೂಷನ್ನೋ?

ನಾವು ಮೂವರೂ ಶಹಾಪುರ ತಾಲ್ಲೂಕಿನ ಗೋಗಿಯವರು, ಕನ್ನಡ ಮೀಡಿಯಂ. ಊರ ನೆಲದಡಿ ಯುರೇನಿಯಂ ಅದಿರಿದೆ. ಹಾಗಾಗಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಊರ ಬೋರ್‌ವೆಲ್ ನೀರನ್ನೇ ಆರಿಸಿಕೊಂಡೆವು.

ರಿಪೋರ್ಟ್ ಬರೆಯುವಾಗ ಕಾಡಿದ್ದು ಇಂಗ್ಲಿಷಿನ ಜೋಡಿಪದಗಳು. ಪ್ರಯೋಗ ಮಾಡಿದೆವು ಅಂತ 'ಮೇಡ್' ಬರೆದರೆ, ಗೈಡ್ ಹೊಡೆದುಹಾಕಿ 'ಕಂಡಕ್ಟೆಡ್' ಬರೆದರು. ಕನ್‌ಕ್ಲೂಷನ್ನಿಗೆ 'ಡ್ರಾ' ಸೇರಬೇಕಂತೆ. ನಗು ಬಂತು, ಬಾವಿ ನೀರಿಗೂ ಅದೇ 'ಡ್ರಾ'! ನಮ್ಮಲ್ಲೂ ಹಂಗೇ ಅಲ್ಲೇನು? ನೀರೂ ಸೇದತಾರ, ಬೀಡಿನೂ ಸೇದತಾರ. ಯಾಕಂತ ಯಾರೂ ಕೇಳಂಗಿಲ್ಲ.

ಒಂದು ಜೋಡಿ ಮಾತ್ರ ನಗಿಸಲಿಲ್ಲ. ನಮ್ಮೂರ ನೀರು 'ಕಾಸಸ್ ಕಿಡ್ನಿ ಡಿಸೀಸ್' ಎಂದು ಬರೆದುಬಿಟ್ಟಿದ್ದೆವು. "ಎಷ್ಟು ರೋಗಿಗಳನ್ನು ನೋಡಿದ್ದೀರಿ?" ಅಂದರು ಗೈಡ್. ಒಬ್ಬರನ್ನೂ ನೋಡಿರಲಿಲ್ಲ. ಕುಡಿಯುವ ನೀರಿನಲ್ಲಿ ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದನ್ನು ಮೀರಿದರೆ 'ಮೇ ಪೋಸ್ ಎ ರಿಸ್ಕ್', ಅಂದರೆ ಅಪಾಯ ಇರಬಹುದು. ನಮ್ಮ ಕೈಲಿದ್ದ ಅಳತೆಗೆ ಅಷ್ಟೇ ಹೇಳಲು ಬರುತ್ತಿತ್ತು.

ತಿದ್ದಿದೆವು. ಆ ನೀರು ಕುಡಿಯುವವರು ನಮ್ಮ ಅವ್ವಂದಿರೇ. ಅವರಿಗೆ ಸುಳ್ಳು ಭಯನೂ ಬ್ಯಾಡ, ಸುಳ್ಳು ಧೈರ್ಯನೂ ಬ್ಯಾಡ. ಹಗ್ಗ ಮುಟ್ಟಿದಷ್ಟೇ ನೀರು ಸೇದಲಿಕ್ಕೆ ಬರತದ, ಕನ್‌ಕ್ಲೂಷನ್ನೂ ಹಂಗೇ.